ಇಂಜಿನ್ ಬಾಯಿಬಿಟ್ಟ ದಿನ

ಮರದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಇಂಜಿನ್ ಎಂದೇ ಕರೆಯುತ್ತಿದ್ದರು. ಒಂದು ಸಿಗರೇಟು ಆರುವ ಮೊದಲೇ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಆದರೆ ಬಡಗಿಯ ಕೆಲಸದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಅವನು ಕೂಡಿಸಿದ ಬಾಗಿಲ ಸಂದಿಯಲ್ಲಿ ಕೂದಲೂ ತೂರುತ್ತಿರಲಿಲ್ಲ. ಅಲ್ಲಿಯೇ ಪಾಲಿಶ್ ಹಾಕುತ್ತಿದ್ದವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಎರಡು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಆ ವಾರ ಅವನಿಗೆ ಜ್ವರ, ಎದೆ ಬಿರಿಯುವಂಥ ಕೆಮ್ಮು. ರಜೆ ಹಾಕೆಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಗುರುವಾರ ಬೆಳಿಗ್ಗೆ ಮೇಜಿನ ಹಲಗೆಯನ್ನು ಕೀಸುತ್ತಿದ್ದಾಗ ಕೆಮ್ಮು ಒತ್ತರಿಸಿಕೊಂಡು ಬಂತು. ತಲೆಯೆತ್ತುವಷ್ಟರಲ್ಲಿ ಬಿಳಿ ಹಲಗೆಯ ಮೇಲೆ ಕಫದ ಜೊತೆ ರಕ್ತ. ಅವನು ಗಡಿಬಿಡಿಯಿಂದ ಒಂದು ಹಿಡಿ ಮರದ ಹೊಟ್ಟು ಎಳೆದು ಮುಚ್ಚಿದ.

“ಏನೋ ಅದು?” ಅಕ್ಕ ಬೆನ್ನ ಹಿಂದೆಯೇ ನಿಂತಿದ್ದಳು.

“ಒಸಡಿಂದ ಬಂದಿರ್ಬೇಕು, ಬಿಡಕ್ಕ.”

“ಒಸಡು ಎದೆಯೊಳಗೆ ಯಾವಾಗ ಹುಟ್ಟಿತು ನಿಂಗೆ? ನಡಿ ಆಸ್ಪತ್ರೆಗೆ.”

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. “ದಿನಕ್ಕೆ ಎಷ್ಟು ಸೇದ್ತೀರಾ?”

ಅಕ್ಕ ನೆಲ ನೋಡತೊಡಗಿದಳು. ಐದೋ ಆರೋ ಎಂಬ ಸುಳ್ಳನ್ನು ಅವಳು ಎಷ್ಟು ವರ್ಷದಿಂದ ಕೇಳಿದ್ದಳೋ!

ತಮ್ಮ ಒಮ್ಮೆ ಅಕ್ಕನ ಕಡೆ ನೋಡಿದ. ಆಮೇಲೆ ಅಂದ: “ಇಪ್ಪತ್ತೈದು. ಇಪ್ಪತ್ತೆಂಟು ವರ್ಷದಿಂದ. ಹೋದ ತಿಂಗಳೂ ಒಂದ್ಸಲ ರಕ್ತ ಬಂದಿತ್ತು. ಯಾರಿಗೂ ಹೇಳಿಲ್ಲ.”

ಅಕ್ಕ ತಲೆಯೆತ್ತಿದಳು. ನಿಜ ನುಡಿದ ಅವನನ್ನು ನೋಡುತ್ತ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಹೇಳಿದ್ದು ಒಳ್ಳೇದಾಯ್ತು,” ಎಂದರು ಡಾಕ್ಟರಮ್ಮ. “ಸೋಂಕಿಂದ ಶ್ವಾಸನಾಳ ಊದ್ಕೊಂಡ್ರೂ ಹೀಗೆ ಬರುತ್ತೆ. ಆದ್ರೆ ಸೇದೋರಿಗೆ ಅಷ್ಟೇ ಅಂದ್ಕೊಂಡು ಸುಮ್ನಿರೋ ಹಾಗಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಎರಡೂ ಆಗ್ಲಿ.”

ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಸೋಂಕು ಜೋರಾಗಿತ್ತು, ಶ್ವಾಸಕೋಶ ಸವೆದಿತ್ತು. ಔಷಧಿ ಕೊಟ್ಟು, ಆರು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಸಿಗರೇಟು ಮುಟ್ಟಕೂಡದು.

ಕೆಲಸಕ್ಕೆ ಮರಳಿದ ದಿನ, ಚಹಾದ ಹೊತ್ತಿನಲ್ಲಿ ಅವನು ಎದ್ದು ನಿಂತ. “ಕೆಮ್ಮಿದ್ರೆ ರಕ್ತ ಬರ್ತಿತ್ತು ನಂಗೆ. ಮುಚ್ಚಿಟ್ಟಿದ್ದೆ. ನಿಮಗ್ಯಾರಿಗಾದ್ರೂ ಹಾಗಿದ್ರೆ ನನ್ ಥರ ದಡ್ಡತನ ಮಾಡ್ಬೇಡಿ, ಹೋಗಿ ತೋರಿಸ್ಕೊಳ್ಳಿ.”

“ಇಂಜಿನ್ ಹೊಗೆ ನಿಲ್ತಲ್ಲಪ್ಪೋ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಗುಂಪು ಚದುರಿದ ಮೇಲೆ ಲಾರಿಗೆ ಮರ ತುಂಬುವ ಮುದುಕ ಮೆಲ್ಲಗೆ ಹತ್ತಿರ ಬಂದ. “ನಂಗೂ ಎರಡು ತಿಂಗಳಿಂದ ಬರ್ತಿದೆ ಕಣಪ್ಪ. ಭಯ ಆಗಿ ಹೇಳಿಲ್ಲ.”

ಮರುದಿನವೇ ತಮ್ಮ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮುದುಕನ ಎದೆಯಲ್ಲಿ ಗಡ್ಡೆಯಿತ್ತು. ಚಿಕ್ಕದು, ಇನ್ನೂ ಹರಡಿರಲಿಲ್ಲ, ಆಪರೇಷನ್ ಮಾಡಬಹುದಿತ್ತು.

ಸಿಗರೇಟು ಬಿಡುವುದು ಸುಲಭವಾಗಲಿಲ್ಲ. ಎಲ್ಲರ ಮೇಲೂ ಸಿಡುಕಿದ. ಒಂಬತ್ತನೆಯ ದಿನ ಒಂದು ಸೇದಿಯೇಬಿಟ್ಟ. ಸಂಜೆ ಅಕ್ಕನ ಮನೆಗೆ ಬಂದು ತಾನೇ ಒಪ್ಪಿಕೊಂಡ. ಆಮೇಲೆ ಮುಟ್ಟಲಿಲ್ಲ.

ಆಪರೇಷನ್ನಿನ ದಿನ ಅಕ್ಕ ಆಸ್ಪತ್ರೆಗೆ ಹೋದಾಗ, ಮುದುಕನ ಮಗಳು ಅವಳ ಕೈ ಹಿಡಿದುಕೊಂಡಳು. “ನಮ್ಮಪ್ಪನ್ನ ಕರ್ಕೊಂಡು ಬಂದೋರು ನಿಮಗೆ ಏನಾಗ್ಬೇಕು?”

“ನನ್ ತಮ್ಮ,” ಎಂದಳು ಅಕ್ಕ. ಆ ಉದ್ದನೆಯ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.