ಪಶ್ಚಿಮದ ಕಿಟಕಿಯ ಪರದೆ

ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವನನ್ನು ಹುಲ್ಲಣ್ಣ ಎಂದೇ ಕರೆಯುತ್ತಿದ್ದರು. ರನ್‌ವೇ ಅಕ್ಕಪಕ್ಕದ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಅವನದು. ಅವನ ತಂಗಿಗೆ ಕೆಲಸ ಅಲ್ಲೇ ಮೇಲೆ, ಗಾಜಿನ ಗೋಪುರದಲ್ಲಿ. ಯಾವ ವಿಮಾನ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ರೇಡಿಯೋದಲ್ಲಿ ಹೇಳುವವಳು ಅವಳು. "ಚಿಕ್ಕವಳಿದ್ದಾಗ ಜಡೆ ಹಾಕಿ ಸ್ಕೂಲಿಗೆ ಬಿಟ್ಟೋನು ನಾನು. ಈಗ ಹುಲ್ಲು ಕುಯ್ಯೋಕೂ ಇವಳ ಅಪ್ಪಣೆ ಬೇಕು ನೋಡಿ," ಎಂದು ಅವನು ಸಿಕ್ಕಸಿಕ್ಕವರ ಹತ್ತಿರ ದೂರುತ್ತಿದ್ದ. ದೂರಿನ ತುಂಬ ಹೆಮ್ಮೆಯೇ ಇರುತ್ತಿತ್ತು.

ವಿಮಾನಗಳು ಓಡಾಡುವ ದಾರಿಯನ್ನು ಯಾವ ವಾಹನವೂ ಕೇಳದೆ ದಾಟುವಂತಿಲ್ಲ. ಕೇಳುವುದೇನೋ ಸುಲಭ, ಅವನ ಹತ್ತಿರ ವಾಕಿಟಾಕಿ ಇತ್ತು. ಉತ್ತರ ಕೇಳಿಸಿಕೊಳ್ಳುವುದೇ ಕಷ್ಟ. ಆ ಮುದಿ ಟ್ರ್ಯಾಕ್ಟರಿನ ಸದ್ದಿಗೆ ಪಕ್ಕದಲ್ಲಿ ಸಿಡಿಲು ಬಿದ್ದರೂ ತಿಳಿಯುತ್ತಿರಲಿಲ್ಲ. ಆರಿಸಿದರೋ, ಮತ್ತೆ ಸ್ಟಾರ್ಟ್ ಆಗಲು ಅರ್ಧ ಗಂಟೆ ಸತಾಯಿಸುತ್ತಿತ್ತು. ಅದಕ್ಕೇ ಅಣ್ಣ ತಂಗಿ ಎಂಟು ವರ್ಷದ ಹಿಂದೆ ತಮ್ಮತಮ್ಮಲ್ಲೇ ಒಂದು ಉಪಾಯ ಮಾಡಿಕೊಂಡಿದ್ದರು. ಅವನು ದಾರಿಯ ಅಂಚಿಗೆ ಬಂದು ನಿಂತು "ದಾಟಲಾ?" ಎನ್ನುವುದು. ಅವಳು ಪಶ್ಚಿಮದ ಕಿಟಕಿಯ ತೆಳು ಹಳದಿ ಪರದೆ ಇಳಿಸಿದರೆ ದಾಟು, ಇಳಿಸದಿದ್ದರೆ ನಿಲ್ಲು. ಯಾವ ಪುಸ್ತಕದಲ್ಲೂ ಇಲ್ಲದ ನಿಯಮ. ಮೇಲಿನವರ ಕಿವಿಗೆ ಬಿದ್ದರೆ ಇಬ್ಬರ ಕೆಲಸಕ್ಕೂ ಕುತ್ತು. ಹಾಗಾಗಿ ಒಂದೇ ಮನೆಯಲ್ಲಿದ್ದ ಅತ್ತಿಗೆಗೂ ಹೇಳಿರಲಿಲ್ಲ. ಸಂಜೆ ಬಿಸಿಲು ಎಷ್ಟೇ ಕಣ್ಣು ಚುಚ್ಚಲಿ, ತಂಗಿ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದಳೇ ಹೊರತು ಸುಮ್ಮನೆ ಆ ಪರದೆ ಮುಟ್ಟುತ್ತಿರಲಿಲ್ಲ.

ಆ ದಿನ ಕನ್ನಡಕ ಮನೆಯಲ್ಲೇ ಉಳಿದಿತ್ತು.

ವಾರಕ್ಕೊಮ್ಮೆ ಹಾರಲು ಬರುವ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ವಿಮಾನ ಹೊರಡಿಸಲೇ ಎಂದು ಕೇಳಿದರು, ಅವಳು ಸರಿ ಎಂದಳು. ಅದು ಹಳೆಯ ಕಾಲದ್ದು, ಬಾಲದ ಕೆಳಗೆ ಚಿಕ್ಕ ಚಕ್ರ. ನೆಲದ ಮೇಲೆ ಮೂಗೆತ್ತಿಕೊಂಡೇ ಸಾಗುತ್ತದೆ, ಒಳಗಿದ್ದವರಿಗೆ ನೇರ ಮುಂದಿನದು ಕಾಣುವುದಿಲ್ಲ. ಅಷ್ಟರಲ್ಲಿ ವಿಮಾನ ನಿಲ್ಲಿಸುವ ಶೆಡ್ಡಿನ ಮೂಲೆಯಿಂದ ಅಣ್ಣ "ದಾಟಲಾ?" ಎಂದ. ಶೆಡ್ಡಿನ ಆಚೆ ಬರುತ್ತಿದ್ದ ವಿಮಾನ ಅವನಿಗೂ ಕಾಣುವಂತಿರಲಿಲ್ಲ. ವಿಮಾನ ಎಲ್ಲಿಗೆ ಬಂತೆಂದು ತಂಗಿ ನೋಡಿದರೆ ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಕೈ ತಾನಾಗಿ ಹೋಗಿ ಪರದೆ ಇಳಿಸಿತು. ತೆಳು ಪರದೆಯಾಚೆ ವಿಮಾನ ಚೆನ್ನಾಗಿ ಕಂಡಿತು. ಅದರ ಮುಂದಕ್ಕೆ ಹೊರಟ ಟ್ರ್ಯಾಕ್ಟರೂ ಕಂಡಿತು.

ಪರದೆ ಮೇಲೆಳೆದಳು, ರೇಡಿಯೋದಲ್ಲಿ ಚೀರಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬಾಯಿಬಿಟ್ಟು ಆಡದ ಮಾತೂ ಅಷ್ಟೇ. ವಿಮಾನ ಬರುತ್ತಿದ್ದದ್ದು ಸೈಕಲ್ಲಿನಷ್ಟು ನಿಧಾನಕ್ಕೆ, ಆದರೆ ಅದರ ಮುಂದೆ ಪ್ರೊಪೆಲ್ಲರ್ ತಿರುಗುತ್ತಿತ್ತು. ಡಾಕ್ಟರ ಭುಜ ಮುರಿಯಿತು. ಅಣ್ಣ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ.

ಗೋಪುರದ ರೇಡಿಯೋ ಮಾತೆಲ್ಲ ಟೇಪಾಗುತ್ತದೆ. ಅದರಲ್ಲಿದ್ದದ್ದು "ದಾಟಲಾ?" ಎಂಬ ಅವನ ಪ್ರಶ್ನೆ, ಆಮೇಲೆ ಅವಳ ಚೀರಾಟ. ನಡುವೆ ಏನೂ ಇಲ್ಲ. ಹಳೆಯ ಟೇಪು ಕೇಳಿದ್ದರೆ ಎಂಟು ವರ್ಷವೂ ಅವನ ಪ್ರಶ್ನೆಗೆ ಉತ್ತರವೇ ಇಲ್ಲವೆಂದು ತಿಳಿಯುತ್ತಿತ್ತು, ಆದರೆ ಅಷ್ಟು ಪುರಸೊತ್ತು ಯಾರಿಗಿತ್ತು? ಉತ್ತರಕ್ಕೆ ಕಾಯದೆ ಅವನೇ ನುಗ್ಗಿದ, ನಿನ್ನದೇನೂ ತಪ್ಪಿಲ್ಲಮ್ಮ ಎಂದು ಎಲ್ಲರೂ ಅವಳನ್ನೇ ಸಮಾಧಾನ ಮಾಡಿದರು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ಓಡಿಸುವುದಿಲ್ಲವಲ್ಲ.

ಅತ್ತಿಗೆ ಅಳಲೇ ಇಲ್ಲ. ಗಂಡನ ಫೋಟೋ ಮುಂದೆ ನಿಂತು ಬೈದಳು. "ಏನು ಅವಸರ ಇತ್ತು ರೀ ನಿಮಗೆ? ಮನೇಲಿ ಹೆಂಡ್ತಿ ಅನ್ನೋಳು ಒಬ್ಳಿದಾಳೆ ಅಂತ ನೆನಪಾಗ್ಲಿಲ್ವಾ? ಒಂದು ನಿಮಿಷ ನಿಂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ದೀಪ ಆರಿಸುವ ಮೊದಲು ಇನ್ನೊಮ್ಮೆ. ನಾದಿನಿ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗಿದ್ದದ್ದು ಅದೊಂದೇ ಮನೆ, ಅದೊಬ್ಬಳೇ ಅತ್ತಿಗೆ. ಹೇಳಿದರೆ ಅದೂ ಹೋಗುತ್ತದೆ, ಹೇಳದಿದ್ದರೆ ಅಣ್ಣನ ಹೆಸರು ಹೋಗುತ್ತದೆ. ಹೇಳಲೆಂದು ಬಾಯಿ ತೆರೆಯುವಳು, "ಉಪ್ಪು ಸಾಕಾ ಅತ್ತಿಗೆ?" ಎಂದು ಕೇಳಿ ಮುಚ್ಚುವಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಇಪ್ಪತ್ತೊಂದನೆಯ ದಿನ ವಿಚಾರಣೆಯ ಅಧಿಕಾರಿ ಇಬ್ಬರನ್ನೂ ಕರೆಸಿ ವರದಿ ಓದಿದ. "ಟ್ರ್ಯಾಕ್ಟರ್ ಚಾಲಕನು ಅನುಮತಿ ಸಿಗುವ ಮೊದಲೇ ಬೇಜವಾಬ್ದಾರಿಯಿಂದ ನುಗ್ಗಿರುತ್ತಾನೆ." ಅತ್ತಿಗೆ ತಲೆ ತಗ್ಗಿಸಿದಳು, ತಂಟೆ ಮಾಡಿದ ಮಗನ ತಾಯಿ ಮೇಷ್ಟ್ರ ಮುಂದೆ ತಗ್ಗಿಸುವ ಹಾಗೆ. ನಾದಿನಿಗೆ ಅದನ್ನು ನೋಡಲಾಗಲಿಲ್ಲ.

"ನುಗ್ಗಲಿಲ್ಲ ಸರ್. ಅಣ್ಣ ಕೇಳಿದ, ನಾನು ಹೋಗು ಅಂದೆ."

"ಟೇಪಲ್ಲಿ ಇಲ್ವಲ್ಲಮ್ಮ?"

"ಬಾಯಲ್ಲಿ ಹೇಳ್ಲಿಲ್ಲ ಸರ್. ಪರದೆ ಇಳಿಸಿದೆ."

ಎಲ್ಲವನ್ನೂ ಹೇಳಿದಳು, ಕನ್ನಡಕ ಮರೆತದ್ದನ್ನೂ ಬಿಡದೆ. ಅಧಿಕಾರಿ ಪೆನ್ನು ಕೆಳಗಿಟ್ಟ. "ಯೋಚನೆ ಮಾಡಿ ಹೇಳಮ್ಮ. ಇದನ್ನ ಬರ್ಕೊಂಡ್ರೆ ನೀನು ಇನ್ಯಾವತ್ತೂ ಆ ಗೋಪುರದ ಮೆಟ್ಟಿಲು ಹತ್ತೋ ಹಾಗಿಲ್ಲ."

"ಬರ್ಕೊಳ್ಳಿ ಸರ್."

ಅತ್ತಿಗೆ ಎದ್ದು ಹೋದಳು. ಹಿಂದೆ ತಿರುಗಿ ನೋಡಲಿಲ್ಲ.

ನಾದಿನಿ ಸಹಿ ಹಾಕಿ ಮುಂದಿನ ಬಸ್ಸಿಗೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅತ್ತಿಗೆ ಫೋಟೋವನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅಷ್ಟು ದಿನದಲ್ಲಿ ಅದೇ ಮೊದಲು. "ಕೇಳಿದ್ರಂತೆ ನೀವು. ಕೇಳಿ, ನಿಂತು, ಹೇಳಿದ್ಮೇಲೇ ಹೋದ್ರಂತೆ. ಇಪ್ಪತ್ತು ದಿನ ಬೈದ್ನಲ್ಲ ರೀ ನಾನು, ಒಂದು ಮಾತಾದ್ರೂ ವಾಪಸ್ ಬೈಬಾರ್ದಿತ್ತಾ?"

ತಲೆಯೆತ್ತಿದಾಗ ಹೊಸ್ತಿಲಾಚೆ ನಾದಿನಿ ಕಂಡಳು.

"ಅವರ ಮೇಲಿನ ಕೋಪ ಹೋಯ್ತು ಕಣೇ," ಎಂದಳು ಅತ್ತಿಗೆ. "ನಿನ್ನ ಮುಖ ನೋಡೋಕೆ ಮಾತ್ರ ನನ್ನ ಕೈಲಿ ಆಗ್ತಿಲ್ಲ."

"ಒಳಗೆ ಬರಲಾ ಅತ್ತಿಗೆ?"

ಅತ್ತಿಗೆ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾದಿನಿ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಳು. ಉತ್ತರ ಸಿಗುವವರೆಗೆ ಹೆಜ್ಜೆ ಮುಂದಿಡದೆ ಅಣ್ಣ ಎಂಟು ವರ್ಷ ಹೀಗೇ ನಿಂತಿದ್ದ. ಅವಳೂ ನಿಂತಳು.