ಆವಿಯ ಮೇಜು

ಚಳಿಗಾಲದಲ್ಲಿ ನಮ್ಮ ಲಾಂಡ್ರಿಯೊಳಗೆ ಬೆಚ್ಚಗಿರುವ ಜಾಗ ಒಂದೇ, ಆವಿ ಇಸ್ತ್ರಿಯ ಮೇಜು. ಅದು ಕೆಲಸದವರಲ್ಲೆಲ್ಲ ಹಿರಿಯಳಾದ ದೊಡ್ಡಕ್ಕನದು. ಹಿಂದಿನ ಕೋಣೆಯ ತಣ್ಣೀರಿನ ತೊಟ್ಟಿ ನನ್ನದು. ಉಣ್ಣೆಯ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವಂತಿಲ್ಲ, ಕೈಯಲ್ಲೇ ಜಾಲಿಸಬೇಕು. ಬೆರಳ ಸಂದುಗಳು ಒಡೆದು, ಸೋಪು ತಾಗಿದರೆ ಜೀವ ಹೋದಂತಾಗುತ್ತಿತ್ತು.

ಕೈ ನೋವೆಂದು ಹೇಳಲು ನಾಚಿಕೆ. ಅಲ್ಲಿ ಯಾರ ಕೈ ನೋಯುವುದಿಲ್ಲ? ಒಂದು ಬೆಳಿಗ್ಗೆ, ಸೈನಸ್ ಎಂದುಬಿಟ್ಟೆ. ಬಟ್ಟೆ ಕೊಡಲು ಬರುವ ಟೀಚರ್ ಬಾಯಲ್ಲಿ ಕೇಳಿದ್ದ ಮಾತು ಅದು. ಅವರಂತೆಯೇ ಹುಬ್ಬುಗಳ ನಡುವೆ ಬೆರಳಿಟ್ಟು, ಬಗ್ಗಿದರೆ ತಲೆಭಾರ ಎಂದೆ.

"ಮೂಗು ಕಟ್ಟಿದೋಳನ್ನ ತಣ್ಣೀರಲ್ಲಿ ನಿಲ್ಲಿಸ್ತಾರೇನೇ? ಬಾ ಇಲ್ಲಿ. ಆವಿ ಬಡಿದ್ರೆ ತಾನಾಗೇ ಬಿಡುತ್ತೆ," ಎಂದು ದೊಡ್ಡಕ್ಕ ತನ್ನ ಜಾಗ ಬಿಟ್ಟು ತೊಟ್ಟಿಗೆ ಹೋದಳು. ಯಜಮಾನರನ್ನು ಕೇಳಲೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅವಳು ಉಪಚಾರಕ್ಕೇ ನಿಂತಳು. ಊಟದ ಬಿಡುವಿನಲ್ಲಿ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ನನ್ನ ಮೂಗು, ಕೆನ್ನೆಗಳ ಮೇಲೆ ಹರಡುವಳು. ಗುಟುಕು ಗುಟುಕಾಗಿ ಬಿಸಿನೀರು ಕುಡಿಸುವಳು. ಮಲಗುವಾಗ ತಲೆ ಎತ್ತರದಲ್ಲಿರಬೇಕೆಂದು ಮನೆಯಿಂದ ತನ್ನ ದಿಂಬನ್ನೇ ತಂದುಕೊಟ್ಟಳು. ಅದರ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಅಷ್ಟರಲ್ಲಿ ಅವಳ ಮಾತು ಮೂಗಿನಲ್ಲೇ ಸಿಕ್ಕಿಕೊಳ್ಳತೊಡಗಿತ್ತು. ತೊಟ್ಟಿಗೆ ಬಗ್ಗಿದಾಗಲೆಲ್ಲ ಒದ್ದೆ ಕೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ನಾನು ಆವಿಯಲ್ಲಿ ಬೆಚ್ಚಗೆ ನಿಂತು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನನ್ನ ಬೆರಳ ಬಿರುಕುಗಳು ಕೂಡಿಕೊಂಡಿದ್ದವು. ಅವಳ ಬೆರಳಲ್ಲಿ ಬಾಯಿಬಿಟ್ಟಿದ್ದವು.

ನಿಜ ಹೇಳಿಬಿಡೋಣವೆಂದೇ ಹೋದೆ. ಈಗ ಹೇಗಿದೆ ಎಂದು ಅವಳೇ ಮೊದಲು ಕೇಳಿಬಿಟ್ಟಳು.

"ಪೂರ್ತಿ ವಾಸಿಯಾಯ್ತಕ್ಕ," ಎಂದೆ. "ಎಲ್ಲ ನಿನ್ನ ಮದ್ದಿಂದ. ನಿನ್ನ ಮೇಜಿಗೆ ನೀನು ಹೋಗು."

ಅವಳ ಮುಖ ಅರಳಿದ್ದನ್ನು ನೋಡಲಾಗಲಿಲ್ಲ. ತೊಟ್ಟಿಗೆ ಕೈ ಅದ್ದಿ ನಿಂತೆ. ಆವಿಯ ಮುಂದೆ ನಿಂತ ಮೇಲೆ ಅವಳ ಮೂಗೂ ಮೆಲ್ಲಗೆ ಬಿಟ್ಟಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಅವಳ ವೈದ್ಯಕ್ಕೆ ಈಗ ನಾನೇ ಸಾಕ್ಷಿ. ಗಿರಾಕಿಗಳಲ್ಲಿ ಯಾರಾದರೂ ಮೂಗೆಳೆದರೆ ಸಾಕು, ನನ್ನನ್ನು ಕರೆದು ತೋರಿಸುತ್ತಾಳೆ. ಇಸ್ತ್ರಿ ಬಿಟ್ಟು ಆಸ್ಪತ್ರೆ ತೆಗೆಯೋದೇ ವಾಸಿ ಎಂದು ಯಜಮಾನರು ಕಿಚಾಯಿಸುತ್ತಾರೆ.

ತಣ್ಣೀರು ಸುಮ್ಮನೆ ಬಿಟ್ಟೀತೇ? ನಿನ್ನೆಯಿಂದ ನನ್ನ ಮೂಗು ನಿಜಕ್ಕೂ ಕಟ್ಟಿದೆ. ಅಂದು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಯಾರೋ ಒಳಗಿನಿಂದ ಒತ್ತುತ್ತಿರುವಂತಿದೆ. ಹೇಳಿದರೆ ದೊಡ್ಡಕ್ಕ ಮತ್ತೆ ತೊಟ್ಟಿಗೆ ಬರುತ್ತಾಳೆ. ಅದಕ್ಕೇ ಹೇಳಿಲ್ಲ.

ಇವತ್ತು ಅದೇ ಟೀಚರ್ ಹುಬ್ಬು ಒತ್ತಿಕೊಳ್ಳುತ್ತ ಬಂದರು. ದೊಡ್ಡಕ್ಕ ನನ್ನನ್ನು ಮುಂದಕ್ಕೆ ಎಳೆದು ನಿಲ್ಲಿಸಿದಳು.

"ಇವಳನ್ನ ನೋಡಿ, ಮೇಡಂ. ಆವಿ, ಬಿಸಿ ಬಟ್ಟೆ, ಎತ್ತರದ ದಿಂಬು, ಅಷ್ಟೇ. ಎಲ್ಲಿ, ಒಂದ್ಸಲ ಜೋರಾಗಿ ಉಸಿರೆಳೆದು ತೋರಿಸು, ಮರಿ."

ಇಬ್ಬರೂ ನನ್ನ ಮೂಗನ್ನೇ ನೋಡುತ್ತಿದ್ದರು. ತುಟಿ ಬಿಗಿಹಿಡಿದು ಎಳೆದೆ. ಗಾಳಿ ಒಂದಿಷ್ಟೂ ಒಳಗೆ ಹೋಗಲಿಲ್ಲ. ಸುಮ್ಮನೆ ಎದೆ ಉಬ್ಬಿಸಿದೆ.

"ನೋಡಿದ್ರಾ?" ಎಂದು ದೊಡ್ಡಕ್ಕ ನನ್ನ ಬೆನ್ನು ತಟ್ಟಿದಳು. ಅವಳ ಕೈ ಇನ್ನೂ ಒರಟಾಗಿತ್ತು.

ಬಾಯಿ ತಾನಾಗಿ ತೆರೆದುಕೊಳ್ಳುವ ಮೊದಲೇ ತಿರುಗಿ ತೊಟ್ಟಿಯ ಕೋಣೆಗೆ ಓಡಿದೆ.