ಹಿಂದಿನವರು ಹೇಳುವ ತನಕ

೧
ಎಲ್ಲಿಂದ ಶುರುಮಾಡಲಿ? ಮೋಡೆಮ್ಮಿನ ಕೀರಲು ದನಿಯಿಂದಲೋ, ಕಾಲುವೆಯ ನೀರಿನಿಂದಲೋ? (ಎರಡಕ್ಕೂ ಕಾಯಬೇಕಿತ್ತು. ಬನ್ನಿ, ಕಾಯುವುದರಿಂದಲೇ ಶುರುಮಾಡೋಣ.)

೨೦೦೨ರ ಶಹಾಪುರ. ಮನ್ಸೂರಅಲಿಯ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಗುಮಾಸ್ತ ಸೂಗಪ್ಪ ಕೊಂಕಲ್ಲಿನ ಯಂಕಮ್ಮ ಹಾಡುವ ಪದಕ್ಕೊಂದು ವೆಬ್ ಪುಟ ಕಟ್ಟಿದ್ದಾನೆ. ಯಂಕಮ್ಮ ಓದು ಕಲಿತವಳಲ್ಲ. ಭತ್ತದ ಸಸಿ ನೆಡುವಾಗ ಅವಳು ಒಂದು ಸಾಲು ಹೇಳುತ್ತಾಳೆ. ಹಿಂದಿನ ಹೆಂಗಸರು ತಿರುಗಿ ಹೇಳಿದ ಮೇಲೆಯೇ ಇನ್ನೊಂದು. ಬದುವಿನ ಮೇಲೆ ಕೈಮುಗಿದು ಕೂತು ಅದನ್ನು ಕೇಳುತ್ತಲೇ ಸೂಗಪ್ಪ ಬೆಳೆದ. ಅವಳು ಹೂಂ ಅಂದರೆ ಪುಟ ಉಳಿಯುತ್ತದೆ. ಇಲ್ಲದಿದ್ದರೆ ಅಳಿಸುವುದಾಗಿ ಮಾತು ಕೊಟ್ಟಿದ್ದಾನೆ.

೨
(ಹರಿದುಹಾಕಿದೆ. ಬರೀ ಕಾಲುವೆಯ ಇತಿಹಾಸ. ಸೂಗಪ್ಪನೇ ಆಕಳಿಸಿದ.)

೩
ಯಂಕಮ್ಮನನ್ನು ಅಂಗಡಿಗೆ ಕರೆತಂದು ಸೂಗಪ್ಪ ಮೊದಲು ಅಲ್ಲಿನ ಕಂಪ್ಯೂಟರಿನಲ್ಲೇ ಇದ್ದ ಪ್ರತಿ ತೆರೆದ. ಇಡೀ ಪದ ಒಮ್ಮೆಗೇ ಮೂಡಿತು. ಒಂದೇ ಉಸಿರಿಗೆ ಓದಿದ.

“ಸಸಿ ಸಿವುಡು ಒಗದಂಗ ಎಲ್ಲಾ ಒಮ್ಮಿಗೇ ಒಗದೆಲ್ಲೋ!” ಅಂದಳು ಯಂಕಮ್ಮ. “ಹಿಂದಿನವರು ಯಾವಾಗ ಹೇಳಬೇಕು? ಅಳಸು!”

(ಇಲ್ಲೇ ಮುಗಿಸಿದರೆ ದುಃಖಾಂತ, ಪ್ರಶಸ್ತಿ ಖಾತ್ರಿ. ಆದರೆ ಸೂಗಪ್ಪ ನನ್ನ ತೋಳು ಹಿಡಿದ: “ಸರ, ಇನ್ನೊಂದು ಚಾನ್ಸ್ ಕೊಡ್ರಿ.” ಕೊಟ್ಟೆ.)

“ತಡೀರಿ ಮೌಶಿ,” ಅಂದ ಮನ್ಸೂರಅಲಿ. “ನೆಟ್ಟಿನ್ಯಾಗ ಹೆಂಗ ಬರ್ತದ ನೋಡ್ರಿ.”

ಬೇರೆ ಊರಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಕೆಟ್ಟು ಕಾಣುತ್ತವೆಂದು ಸೂಗಪ್ಪ ಒಂದೊಂದು ಸಾಲನ್ನೂ ಒಂದೊಂದು ಚಿತ್ರವಾಗಿಸಿದ್ದ. ಫೋನಿನ ತಂತಿಯಲ್ಲಿ ತೆವಳುತ್ತ ಮೊದಲ ಚಿತ್ರ ಇಳಿಯಿತು. ಓದಿದ:

ಕಾಲುವಿ ನೀರು ಕರೀದೇ ಬಂತು.

ಅಷ್ಟಕ್ಕೇ ನಿಂತಿತು.

“ಲೈನು ಸ್ಲೋ ಅದರಿ ಮೌಶಿ.”

“ಸ್ಲೋ ಅಲ್ಲೋ ಹುಚ್ಚಪ್ಪಾ! ನೀವು ಹೇಳ್ಲಿ ಅಂತ ನಿಂತದ. ಹೇಳ್ರಿ!”

ರಿಸಲ್ಟ್ ನೋಡಲು ಬಂದವರೂ ಸೇರಿ ಇಡೀ ಅಂಗಡಿ ಹೇಳಿತು. ಎರಡನೆಯದು ಇಳಿಯಿತು:

ಕಾಲು ತೊಳಕೊಂಡು ಒಳಗ ಬಾ ಅಂದೆ.

ನಗುತ್ತಲೇ ಹೇಳಿದರು. ಮೂರನೆಯದು:

ನೀರು ನಕ್ಕು ಒಂದು ಮಾತು ಅಂತು—

“ಈ ಮಶೀನಿಗಿ ರೀತಿ ಗೊತ್ತದ,” ಅಂದಳು ಯಂಕಮ್ಮ. “ಇರ್ಲಿ, ಅಳಸಬ್ಯಾಡ.”

ಸೂಗಪ್ಪ ಕಂಪ್ಯೂಟರಿಗೇ ಕೈಮುಗಿದ.

೪
ಮುಕ್ತಾಯ ಅ: ಅಲ್ಲಿಗೆ ಲೈನು ಕಟ್ಟಾಯಿತು.

ಮುಕ್ತಾಯ ಆ: ವೇಗದ ನೆಟ್ ಬಂದ ಮೇಲೂ ಸೂಗಪ್ಪ ಪ್ರತಿ ಸಾಲಿನ ಕೆಳಗೆ ‘ಹೇಳಿದಿರಾ?’ ಎಂಬ ಲಿಂಕ್ ಇಟ್ಟ, ಒತ್ತಿದರಷ್ಟೇ ಮುಂದಿನದು.

(ನನಗೆ ಎರಡೂ ಬೇಕು.)

ನೀರು ಏನಂತು ಅಂತೀರಾ? ನಾಲ್ಕನೆಯ ಸಾಲು ನನ್ನ ಬಳಿ ಇದೆ. ಬರೆಯಲು ಹೋದರೆ ಯಂಕಮ್ಮ ಕೈ ಹಿಡಿಯುತ್ತಾಳೆ:

“ತಡಿ. ಓದಾಕತ್ತಾರಲ್ಲ, ಅವರು ಮೂರನೇದು ಇನ್ನಾ ಹೇಳಿಲ್ಲ.”